ಮೊದಲನೆಯ ಚೀಟಿ



ಒಬ್ಬರು ಪರೀಕ್ಷಿಸಿ, ದರ್ಜೆ ಕಟ್ಟಿ, ಚೀಟಿ ಅಂಟಿಸಿ ಕೊಟ್ಟ ವಸ್ತುವನ್ನು, ಆ ದರ್ಜೆ ನಮಗೆ ಹಿಡಿಸಲಿಲ್ಲವೆಂಬ ಕಾರಣಕ್ಕೆ ಇನ್ನೊಬ್ಬರ ಬಳಿ ಒಯ್ದು ಹೊಸದಾಗಿ ದರ್ಜೆ ಕಟ್ಟಿಸಬಹುದೇ? ಕಟ್ಟಿಸಬಹುದಾದರೆ, ಮೊದಲಿನ ಚೀಟಿಯ ಮಾತನ್ನು ಕೊಳ್ಳುವವನಿಗೆ ಹೇಳಬೇಕೇ, ಬೇಡವೇ? ಮಾಗಡಿ ತಾಲ್ಲೂಕಿನ ತಿಪ್ಪಸಂದ್ರದ ಕಡೆಯ ರೇಷ್ಮೆ ಬೆಳೆಗಾರರ ಮನೆಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೋಗಿರುವ ಯುವಕನೊಬ್ಬ ಕೇಳಿದ ಪ್ರಶ್ನೆ ಇದು. ಅವನು ಕೇಳಿದ್ದು ರೇಷ್ಮೆ ಗೂಡಿನ ಬಗ್ಗೆ ಅಲ್ಲ, ಒಂದು ರಟ್ಟಿನ ಕಾರ್ಡಿನ ಬಗ್ಗೆ. ಇದೇನು ಮಕ್ಕಳಾಟದ ಪ್ರಶ್ನೆ ಎಂದು ಪುಟ ತಿರುಗಿಸಬೇಡಿ. ಇದೇ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ನಮ್ಮೆಲ್ಲರ ಮನೆಗೂ ಬರುತ್ತದೆ. ಮಗಳ ಉತ್ತರಪತ್ರಿಕೆಯ ರೂಪದಲ್ಲಿ ಬರುತ್ತದೆ, ಅಜ್ಜಿಯ ಕಾಯಿಲೆಯ ರೂಪದಲ್ಲಿ ಬರುತ್ತದೆ, ಪಾಪನಿವೇದನೆಯ ಪೀಠದವರೆಗೂ ಬರುತ್ತದೆ.

ಕಾರ್ಡಿನ ವಿಷಯ ತಿಳಿಯದ ಹಿರಿಯರಿಗೆ ಎರಡು ಮಾತು. ಚಿಕ್ಕಂದಿನಲ್ಲಿ ನಾವು ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಸುತ್ತಿದ್ದೆವಲ್ಲ, ಹಾಗೆ ಆಟಗಾರರ ಚಿತ್ರವಿರುವ, ಪೋಕೆಮಾನ್ ಎಂಬ ಜಪಾನಿನ ಆಟದ ಪ್ರಾಣಿಗಳ ಚಿತ್ರವಿರುವ ಕಾರ್ಡುಗಳನ್ನು ಕೂಡಿಸುವವರು ಲೋಕದ ತುಂಬ ಇದ್ದಾರೆ. ಅಪರೂಪದ ಕಾರ್ಡುಗಳಿಗೆ ದೊಡ್ಡ ಬೆಲೆಯಿದೆ. ಕಾರ್ಡು ಎಷ್ಟು ಚೆನ್ನಾಗಿ ಉಳಿದಿದೆ ಎಂದು ಹೇಳುವುದಕ್ಕೆ ಅಮೆರಿಕದಲ್ಲಿ ಕಂಪನಿಗಳೇ ಇವೆ. ಪಿ.ಎಸ್.ಎ. ಎಂಬ ಕಂಪನಿ 1991ರಲ್ಲಿ ಈ ಕೆಲಸ ಶುರುಮಾಡಿತು. ಬೆಕೆಟ್ ಮುಂತಾದವರು ಆಮೇಲೆ ಬಂದರು. ಚಿತ್ರ ನಡುವಿಗೆ ಸರಿಯಾಗಿ ಕೂತಿದೆಯೇ, ನಾಲ್ಕು ಮೂಲೆ ಚೂಪಾಗಿವೆಯೇ, ಅಂಚು ಸವೆದಿದೆಯೇ, ಮೈಮೇಲೆ ಗೀರು ಇದೆಯೇ ಎಂದು ನೋಡಿ, 1ರಿಂದ 10ರವರೆಗೆ ಒಂದು ಅಂಕ ಕೊಟ್ಟು, ಕಾರ್ಡನ್ನು ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಮೇಲೆ ಅಂಕದ ಚೀಟಿ ಹಾಕಿ ಕಳಿಸುತ್ತಾರೆ. ಒಂಬತ್ತಕ್ಕೂ ಹತ್ತಕ್ಕೂ ನಡುವೆ ಕಣ್ಣಿಗೆ ಕಾಣುವ ವ್ಯತ್ಯಾಸ ಕೂದಲೆಳೆಯಷ್ಟು. ಬೆಲೆಯಲ್ಲಿ ವ್ಯತ್ಯಾಸ ಹಲವು ಪಟ್ಟು.

ಆದ್ದರಿಂದ ಒಂಬತ್ತು ಬಂದವನು ಸುಮ್ಮನಿರುವುದಿಲ್ಲ. ಇನ್ನೊಂದು ಕಂಪನಿಗೆ ಕಳಿಸುತ್ತಾನೆ. ಕಳಿಸುವುದಕ್ಕೆ ಎರಡು ದಾರಿ. ಒಂದು, ಮೊದಲಿನ ಪೆಟ್ಟಿಗೆಯನ್ನು ಒಡೆಯದೆ, ಚೀಟಿ ಸಮೇತ ಕಳಿಸಿ, 'ಇಷ್ಟಕ್ಕಿಂತ ಕಡಿಮೆ ಕೊಡುವುದಾದರೆ ಮುಟ್ಟದೆ ಹಾಗೇ ಹಿಂದಿರುಗಿಸಿ' ಎಂದು ಬರೆಯುವುದು. ಎರಡು, ಪೆಟ್ಟಿಗೆಯನ್ನು ಒಡೆದು, ಚೀಟಿಯನ್ನು ಎಸೆದು, ಇದುವರೆಗೆ ಯಾರೂ ನೋಡಿಯೇ ಇಲ್ಲವೆಂಬಂತೆ ಬರಿಯ ಕಾರ್ಡನ್ನು ಕಳಿಸುವುದು. ನಮ್ಮ ಯುವಕ ಕೇಳಿದ್ದು ಈ ಎರಡನೆಯ ದಾರಿಯ ವಿಚಾರ. "ಕಾರ್ಡು ನನ್ನದೇ, ದುಡ್ಡು ನನ್ನದೇ. ಇದರಲ್ಲಿ ತಪ್ಪೇನು ಫಾದರ್?"

ಅವನಿಗೆ ಉತ್ತರ ಹುಡುಕಲು ಅಮೆರಿಕಕ್ಕೆ ಹೋಗಬೇಕಾಗಿರಲಿಲ್ಲ. ಅವನ ತಂದೆಯ ಮಾರುಕಟ್ಟೆಗೆ ಹೋದರೆ ಸಾಕಾಗಿತ್ತು.

ತಿಪ್ಪಸಂದ್ರದ ಸುತ್ತಿನ ಹಳ್ಳಿಗಳಿಂದ ಗೂಡು ತುಂಬಿದ ಚೀಲಗಳು ಮಾಗಡಿ ದಾಟಿ ರಾಮನಗರದ ಸರ್ಕಾರಿ ಗೂಡಿನ ಮಾರುಕಟ್ಟೆಗೆ ಬರುತ್ತವೆ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ ಅದು. ಹಿಪ್ಪುನೇರಳೆ ಸೊಪ್ಪು ಕೊಯ್ದು, ಹುಳುವಿಗೆ ರಾತ್ರಿ ಹಗಲು ಸೊಪ್ಪು ಹಾಕಿ, ಹಣ್ಣಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟು, ಗೂಡು ಬಿಡಿಸಿ ತಂದ ಮನೆಯವರ ಸುಮಾರು ಒಂದು ತಿಂಗಳ ಬದುಕು ಆ ಚೀಲದಲ್ಲಿರುತ್ತದೆ. ಗೂಡನ್ನು ಜಾಲರಿಗೆ ಸುರಿದ ಮೇಲೆ ರೀಲರುಗಳು ಬಂದು ಕೈಹಾಕುತ್ತಾರೆ. ಹಿಡಿ ಗೂಡು ತೆಗೆದು ಒತ್ತಿ ನೋಡುತ್ತಾರೆ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಎರಡು ಹುಳು ಸೇರಿ ಕಟ್ಟಿದ ಜೋಡಿ ಗೂಡು ಎಷ್ಟಿವೆ, ಕಲೆ ಬಿದ್ದದ್ದು ಎಷ್ಟಿವೆ, ಊಜಿ ನೊಣದ ಕಾಟದಿಂದ ತೂತಾದದ್ದು ಎಷ್ಟಿವೆ ಎಂದು ಲೆಕ್ಕ ಹಾಕುತ್ತಾರೆ. ಒಂದು ಕಿಲೋ ನೂಲಿಗೆ ಇಂಥ ಗೂಡು ಎಷ್ಟು ಕಿಲೋ ಬೇಕಾದೀತು ಎಂಬುದು ಅವರ ಮನಸ್ಸಿನಲ್ಲಿ ಓಡುವ ಲೆಕ್ಕ. ಬಿಳಿಯ ದ್ವಿತಳಿ ಗೂಡು ಚೆನ್ನಾಗಿದ್ದರೆ ಆರೂವರೆ ಕಿಲೋ ಆಸುಪಾಸಿನಲ್ಲಿ ಕೆಲಸವಾಗುತ್ತದೆ. ಹಳದಿಯ ಮಿಶ್ರತಳಿಗೆ ಅದಕ್ಕಿಂತ ಹೆಚ್ಚು ಬೇಕು. ಆ ಲೆಕ್ಕದ ಮೇಲೆ ದರ ಕೂಗುತ್ತಾರೆ. ಈಗ ಕೂಗುವುದು ಹೋಗಿ ಮೊಬೈಲಿನಲ್ಲಿ ಒತ್ತುವುದು ಬಂದಿದೆ.

ದರ ಒಪ್ಪಿಗೆಯಾಗದಿದ್ದರೆ ರೈತನು ಬೇಡವೆನ್ನಬಹುದು. ಮುಂದಿನ ಹರಾಜಿಗೆ ಕಾಯಬಹುದು. ಚೀಲ ಕಟ್ಟಿ ಕನಕಪುರಕ್ಕೋ ಶಿಡ್ಲಘಟ್ಟಕ್ಕೋ ಒಯ್ಯಬಹುದು. ಇದರಲ್ಲಿ ಪಾಪವಿದೆ ಎಂದು ಯಾವ ಗುರುವೂ ಹೇಳಲಾರ. ಕನಕಪುರದ ರೀಲರಿನ ಮುಂದೆ ನಿಂತು 'ನಿನ್ನೆ ರಾಮನಗರದಲ್ಲಿ ಇಷ್ಟಕ್ಕೇ ಕೇಳಿದರಪ್ಪ' ಎಂದು ಸಾರಬೇಕಾದ ಕಟ್ಟುಪಾಡೂ ರೈತನಿಗಿಲ್ಲ. ಏಕೆ ಇಲ್ಲ? ಗೂಡು ತೆರೆದ ಜಾಲರಿಯಲ್ಲಿದೆ. ಕೊಳ್ಳುವವನು ತನ್ನ ಕೈಯನ್ನೇ ಹಾಕಿ ನೋಡುತ್ತಾನೆ. ಅವನು ನಂಬುವುದು ತನ್ನ ಬೆರಳನ್ನು, ನಿನ್ನೆ ಬೇರೆಯವರು ಹೇಳಿದ ದರವನ್ನಲ್ಲ.

ಆದರೆ ಅದೇ ರೈತ ದಾರಿಯಲ್ಲಿ ಚೀಲ ಬಿಚ್ಚಿ, ಒಳ್ಳೆಯದನ್ನೆಲ್ಲ ಮೇಲಕ್ಕೂ ಕಲೆಯದನ್ನೆಲ್ಲ ತಳಕ್ಕೂ ಹಾಕಿದನೆನ್ನಿ. ಆಗ ಮಾತು ಬದಲಾಯಿತು. ಈಗ ಅವನು ಇನ್ನೊಂದು ಅಭಿಪ್ರಾಯ ಕೇಳುತ್ತಿಲ್ಲ, ಅಭಿಪ್ರಾಯ ಹೇಳುವವನ ಕಣ್ಣು ಕಟ್ಟುತ್ತಿದ್ದಾನೆ. ರೀಲರಿನ ಮನೆಯಲ್ಲೂ ಒಲೆ ಉರಿಯಬೇಕು, ಅವನ ಕೆಲಸದವರಿಗೂ ಕೂಲಿ ಸಿಗಬೇಕು. ನೂಲು ತುಂಡಾಗುವ ಗೂಡಿನಿಂದ ಆ ಸಂಸಾರ ಕಣ್ಣೀರು ಹಾಕುತ್ತದೆ.

ಗುರುಮಠದಲ್ಲಿ ನಮಗೆ ಪಾಠವಾಗಿದ್ದ ಸಂತ ತೋಮಸ್ ಅಕ್ವಿನಾಸರು ಹದಿಮೂರನೆಯ ಶತಮಾನದಲ್ಲಿ ತಮ್ಮ ಮಹಾಗ್ರಂಥದ ಎರಡನೆಯ ಭಾಗದಲ್ಲಿ ವ್ಯಾಪಾರದ ಮೋಸದ ಬಗ್ಗೆ ಒಂದು ಇಡೀ ಪ್ರಶ್ನೆಯನ್ನು, ಎಪ್ಪತ್ತೇಳನೆಯದನ್ನು, ಮೀಸಲಿಟ್ಟಿದ್ದಾರೆ. ಮಾರುವ ವಸ್ತುವಿನ ದೋಷವನ್ನು ಹೇಳಲೇಬೇಕೇ ಎಂದು ಅಲ್ಲಿ ಕೇಳುತ್ತಾರೆ. ಅವರ ಉತ್ತರದ ಸಾರ ಇಷ್ಟು: ಕುದುರೆಗೆ ಒಂದೇ ಕಣ್ಣಿದ್ದರೆ ಅದು ಎದುರಿಗೇ ಕಾಣುತ್ತದೆ, ಬಾಯಿಬಿಟ್ಟು ಹೇಳಬೇಕಾದ್ದಿಲ್ಲ, ಬೆಲೆಯನ್ನು ಅದಕ್ಕೆ ತಕ್ಕಂತೆ ಇಳಿಸಿದರೆ ಆಯಿತು. ಆದರೆ ಕಣ್ಣಿಗೆ ಕಾಣದ ದೋಷ, ಕೊಂಡವನಿಗೆ ಅಪಾಯವನ್ನೋ ನಷ್ಟವನ್ನೋ ತರುವ ದೋಷವಿದ್ದರೆ, ಮುಚ್ಚಿಟ್ಟು ಮಾರುವುದು ಅನ್ಯಾಯ. ಅಲ್ಲೇ ಇನ್ನೊಂದು ಸೂಕ್ಷ್ಮವಾದ ಉದಾಹರಣೆಯೂ ಇದೆ. ಗೋಧಿ ತುಟ್ಟಿಯಾಗಿರುವ ಊರಿಗೆ ವ್ಯಾಪಾರಿಯೊಬ್ಬ ಗೋಧಿ ತರುತ್ತಾನೆ. ಹಿಂದೆ ಇನ್ನೂ ಹಲವರು ಗೋಧಿ ತರುತ್ತಿದ್ದಾರೆಂದು ಅವನಿಗೆ ಗೊತ್ತು, ಊರವರಿಗೆ ಗೊತ್ತಿಲ್ಲ. ಅವನು ಹೇಳಬೇಕೇ? ಹೇಳದಿದ್ದರೆ ನ್ಯಾಯ ಮೀರಿದಂತಾಗದು, ಹೇಳಿದರೆ ಅದು ಹೆಚ್ಚಿನ ಸದ್ಗುಣ ಎನ್ನುತ್ತಾರೆ ಅಕ್ವಿನಾಸರು. ಸಂತರೆಂದರೆ ಎಲ್ಲದಕ್ಕೂ ಪಾಪವೆಂದು ಕಡ್ಡಿ ಮುರಿದವರು ಎಂದುಕೊಂಡಿರುವವರು ಈ ಭಾಗವನ್ನು ಓದಬೇಕು.

ಈಗ ಕಾರ್ಡಿಗೆ ಬರೋಣ. ಮೊದಲ ಚೀಟಿಯ 'ಒಂಬತ್ತು' ಎಂಬುದು ಕಾರ್ಡಿನ ದೋಷವೇ? ಅಲ್ಲ, ಅದು ಕಾರ್ಡಿನ ಬಗ್ಗೆ ಒಬ್ಬನ ಅಭಿಪ್ರಾಯ. ಡೇರಿಯಲ್ಲಿ ಹಾಲಿನ ಜಿಡ್ಡನ್ನು ಯಂತ್ರ ಅಳೆದಂತೆ ಅದು ಅಳತೆಯಲ್ಲ. ಒಬ್ಬನ ಕಣ್ಣಿಗೆ ಒಂಬತ್ತಾದದ್ದು ಇನ್ನೊಬ್ಬನ ಕಣ್ಣಿಗೆ ಹತ್ತಾಗಬಹುದು, ಇಬ್ಬರೂ ಪ್ರಾಮಾಣಿಕರೇ ಇರಬಹುದು. ಇಲ್ಲಿಯವರೆಗೆ ಯುವಕನ ಕಡೆ ನ್ಯಾಯವಿದೆ. ಆದರೆ ಗೂಡಿಗೂ ಕಾರ್ಡಿಗೂ ಒಂದು ದೊಡ್ಡ ಅಂತರವಿದೆ. ಕಾರ್ಡು ಕೊಳ್ಳುವವನು ಮೂಲೆ ಮುಟ್ಟಿ ನೋಡಲಾರ, ಪೆಟ್ಟಿಗೆ ಮುಚ್ಚಿದೆ. ಎಷ್ಟೋ ಸಲ ಅವನು ದೂರದಲ್ಲಿದ್ದು ಫೋಟೋ ನೋಡಿ ಕೊಳ್ಳುತ್ತಾನೆ. ಅವನು ದುಡ್ಡು ಕೊಡುವುದು ರಟ್ಟಿಗಲ್ಲ, ಅಂಕಕ್ಕೆ; ನುರಿತವನೊಬ್ಬ ನೋಡಿ ಹತ್ತು ಎಂದನು ಎಂಬ ನಂಬಿಕೆಗೆ.

ಒಂಬತ್ತು, ಹತ್ತರ ಗಡಿಯಲ್ಲಿರುವ ಒಂದು ಕಾರ್ಡಿದೆ ಎನ್ನೋಣ. ಐವರು ನೋಡಿದರೆ ಒಬ್ಬರು ಹತ್ತು ಕೊಡುವ ಕಾರ್ಡು. ಒಮ್ಮೆ ಕಳಿಸಿದರೆ ಹತ್ತು ಬರುವ ಸಾಧ್ಯತೆ ಐದರಲ್ಲಿ ಒಂದು ಪಾಲು. ಅದನ್ನೇ ಒಡೆದು ಒಡೆದು ಐದು ಸಲ ಕಳಿಸಿದರೆ, ಒಮ್ಮೆಯಾದರೂ ಹತ್ತು ಬರುವ ಸಾಧ್ಯತೆ ಮೂರರಲ್ಲಿ ಎರಡು ಪಾಲಾಗುತ್ತದೆ. ಇಷ್ಟಾದರೂ ಕಾರ್ಡಿನ ಮೂಲೆ ಒಂದು ಕೂದಲಷ್ಟೂ ಬದಲಾಗಿಲ್ಲ. ನಾಲ್ಕು ಚೀಟಿ ಎಸೆದು ಐದನೆಯದನ್ನು ತೋರಿಸುವವನು ತಜ್ಞನ ಅಭಿಪ್ರಾಯವನ್ನು ಮಾರುತ್ತಿಲ್ಲ, ತನಗೆ ಹೊಡೆದ ಲಾಟರಿಯನ್ನು ಅಭಿಪ್ರಾಯವೆಂದು ಮಾರುತ್ತಿದ್ದಾನೆ. ಇನ್ನೊಂದು ತೊಡಕೂ ಇದೆ. ಯಾವ ಕಾರ್ಡು ಯಾವ ದರ್ಜೆಯಲ್ಲಿ ಎಷ್ಟಿವೆ ಎಂದು ಈ ಕಂಪನಿಗಳು ಪಟ್ಟಿ ಪ್ರಕಟಿಸುತ್ತವೆ. ಹಳೆಯ ಚೀಟಿಯನ್ನು ಹಿಂದಿರುಗಿಸದೆ ಎಸೆದರೆ, ಇರುವ ಒಂದೇ ಕಾರ್ಡು ಪಟ್ಟಿಯಲ್ಲಿ ಎರಡಾಗಿ, ಮೂರಾಗಿ ಉಳಿಯುತ್ತದೆ. ವ್ಯಾಪಾರದಲ್ಲಿ ಇಲ್ಲದ ಮೂರನೆಯವನೂ ಆ ಪಟ್ಟಿ ನಂಬಿ ಮೋಸಹೋಗುತ್ತಾನೆ.

ಅಂಕವೊಂದನ್ನೇ ನಂಬಿದರೆ ಏನಾಗಬಹುದು ಎಂಬುದಕ್ಕೆ ಆ ಲೋಕದಲ್ಲೇ ಹೆಸರಾದ ಒಂದು ಕಥೆಯಿದೆ. ಹೋನಸ್ ವ್ಯಾಗ್ನರ್ ಎಂಬ ಬೇಸ್‌ಬಾಲ್ ಆಟಗಾರನ ಚಿತ್ರವಿರುವ, 1909ರ ಸುಮಾರಿಗೆ ತಂಬಾಕು ಕಂಪನಿಯೊಂದು ಹೊರತಂದ ಕಾರ್ಡು 1991ರಲ್ಲಿ 4,51,000 ಡಾಲರಿಗೆ ಹರಾಜಾಯಿತು. ಪಿ.ಎಸ್.ಎ. ದರ್ಜೆ ಕಟ್ಟಿದ ಮೊದಲನೆಯ ಕಾರ್ಡೇ ಅದು. ಎಂಟು ಅಂಕ ಬಂದಿತ್ತು. ಬಿಲ್ ಮಾಸ್ಟ್ರೋ ಎಂಬ ಹರಾಜುದಾರ 2013ರಲ್ಲಿ ಷಿಕಾಗೋದ ನ್ಯಾಯಾಲಯದಲ್ಲಿ, ಅದರ ಅಂಚುಗಳನ್ನು ತಾನೇ ಕತ್ತರಿಸಿ ನೇರಮಾಡಿದ್ದೆನೆಂದು ಒಪ್ಪಿಕೊಂಡ. ಅಂಚು ಕತ್ತರಿಸಿದ ಕಾರ್ಡಿಗೆ ಅಂಕವನ್ನೇ ಕೊಡಬಾರದೆಂಬುದು ನಿಯಮ. ಅದು ಕೈಯಿಂದ ಕೈಗೆ ಹೋಗುತ್ತ ಬೆಲೆಯಲ್ಲಿ ಏರುತ್ತ ಹೋದದ್ದು ಚೀಟಿಯ ಬಲದಿಂದ.

ಹಾಗಾದರೆ ಯುವಕನಿಗೆ ಕೊಟ್ಟ ಉತ್ತರವೇನು? ಪೆಟ್ಟಿಗೆ ಒಡೆದು ಇನ್ನೊಬ್ಬರಿಗೆ ಕಳಿಸುವುದು ತಪ್ಪಲ್ಲ. ನೋಡುವವನಿಂದ ಮೊದಲಿನ ಅಂಕವನ್ನು ಮರೆಮಾಡುವುದೂ ತಪ್ಪಲ್ಲ, ಒಂದು ಲೆಕ್ಕಕ್ಕೆ ಅದೇ ಒಳ್ಳೆಯದು. ಮೊದಲಿನವರ ಅಂಕ ಎದುರಿಗಿದ್ದರೆ ಎರಡನೆಯವರ ಕೈ ಅದರ ಹಿಂದೆಯೇ ಹೋಗುತ್ತದೆ. ಆದರೆ ತೀರ್ಪುಗಾರನಿಂದ ಮುಚ್ಚಿಡುವುದು ಬೇರೆ, ತೀರ್ಪನ್ನು ನಂಬಿ ದುಡ್ಡು ಕೊಡುವವನಿಂದ ಮುಚ್ಚಿಡುವುದು ಬೇರೆ. ಕೊಳ್ಳುವವನು ಕೇಳಿದಾಗ ಇಲ್ಲವೆಂದರೆ ಅದು ಸುಳ್ಳು, ಅದರಲ್ಲಿ ಎರಡು ಮಾತಿಲ್ಲ. ಕೇಳದಿದ್ದಾಗ? ಒಮ್ಮೆ ಕಳಿಸಿ, ಮನಸ್ಸಿಗೆ ಸರಿಯೆನಿಸದೆ ಇನ್ನೊಮ್ಮೆ ಕಳಿಸಿದವನನ್ನು ನಾನು ಪಾಪದ ಕಟ್ಟಿಗೆ ಹಾಕಲಾರೆ; ಅಕ್ವಿನಾಸರ ಗೋಧಿ ವ್ಯಾಪಾರಿಯ ಸಾಲಿಗೆ ಸೇರಿಸುತ್ತೇನೆ, ಹೇಳಿದರೆ ಒಳ್ಳೆಯದೆನ್ನುತ್ತೇನೆ. ಹತ್ತು ಬರುವವರೆಗೆ ಕಳಿಸುತ್ತಲೇ ಇರುವವನನ್ನು ಮಾತ್ರ ಆ ಸಾಲಿಗೆ ಸೇರಿಸಲಾರೆ. ಅವನಲ್ಲಿರುವುದು ಕಾಣದ ದೋಷವೇ. ದೋಷವಿರುವುದು ಕಾರ್ಡಿನಲ್ಲಲ್ಲ, ಅಂಕದಲ್ಲಿ. ಮತ್ತು ಮಾರಾಟವಾಗುತ್ತಿರುವುದು ಅಂಕವೇ ತಾನೇ?

ಮಕ್ಕಳ ಪರೀಕ್ಷೆಗೂ ಈ ಮಾತನ್ನು ಹಚ್ಚಿ ನೋಡೋಣ. ಫಲಿತಾಂಶ ಬಂದ ವಾರ ಎಷ್ಟು ಮನೆಗಳಲ್ಲಿ ಊಟ ಸೇರುವುದಿಲ್ಲ! ಉತ್ತರಪತ್ರಿಕೆಯ ಪ್ರತಿ ತರಿಸುವುದು, ಮರುಎಣಿಕೆ, ಮರುಮೌಲ್ಯಮಾಪನ ಇವೆಲ್ಲ ಮಂಡಲಿಯೇ ತೆರೆದಿಟ್ಟ ಬಾಗಿಲುಗಳು. ದಣಿದ ಮೇಷ್ಟ್ರು ಒಂದು ಪುಟ ತಿರುಗಿಸದೆ ಬಿಟ್ಟಿರಬಹುದು, ಕೂಡುವಾಗ ಹತ್ತು ತಪ್ಪಿರಬಹುದು. ಕೇಳುವುದು ಮಗುವಿನ ಹಕ್ಕು. 2024ರಲ್ಲಿ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಪದ್ಧತಿ ಬಂತು. ಆಗ ಮೂರರಲ್ಲಿ ಯಾವುದರಲ್ಲಿ ಹೆಚ್ಚು ಬಂತೋ ಅದನ್ನು ಇಟ್ಟುಕೊಳ್ಳಬಹುದಾಗಿತ್ತು. ಇದೂ ಹತ್ತು ಬರುವವರೆಗೆ ಕಳಿಸಿದಂತೆ ಅಲ್ಲವೇ ಎಂದು ಕೆಲವರು ಕೇಳುತ್ತಾರೆ. ಅಲ್ಲ. ಮೊದಲನೆಯದಾಗಿ ನಿಯಮ ಎಲ್ಲರಿಗೂ ಗೊತ್ತು, ಕಾಲೇಜಿಗೂ ಗೊತ್ತು, ಯಾರ ಕಣ್ಣಿಗೂ ಮಣ್ಣಿಲ್ಲ. ಎರಡನೆಯದಾಗಿ, ಒಂದು ಪರೀಕ್ಷೆಯಿಂದ ಇನ್ನೊಂದಕ್ಕೆ ಮಗು ಓದಿರುತ್ತದೆ. ಕಾರ್ಡು ಬದಲಾಗುವುದಿಲ್ಲ, ಮಗು ಬದಲಾಗುತ್ತದೆ. ಮಗುವನ್ನು ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಮೇಲೆ ಅಂಕ ಬರೆದು ನೆಂಟರಿಷ್ಟರಿಗೆ ತೋರಿಸುವ ತಂದೆತಾಯಿಗಳು ಇದನ್ನು ಸ್ವಲ್ಪ ಯೋಚಿಸಬೇಕು.

ಕಾಯಿಲೆಯ ವಿಚಾರದಲ್ಲಿ ಹೆಚ್ಚು ಹೇಳಬೇಕಾದ್ದಿಲ್ಲ. ದೊಡ್ಡ ಶಸ್ತ್ರಚಿಕಿತ್ಸೆ ಎಂದಾಗ ಇನ್ನೊಬ್ಬ ವೈದ್ಯರನ್ನು ಕೇಳುವುದು ವಿವೇಕ. ಆದರೆ ಮೊದಲನೆಯವರ ರಿಪೋರ್ಟನ್ನು ಬೀರುವಿನಲ್ಲಿಟ್ಟು 'ಏನೂ ತೋರಿಸಿಲ್ಲ ಡಾಕ್ಟ್ರೇ' ಎನ್ನುವವರಿದ್ದಾರೆ. ಅವರು ಮೋಸ ಮಾಡುವುದು ವೈದ್ಯರಿಗಲ್ಲ, ಅಜ್ಜಿಗೆ. ನ್ಯಾಯಾಲಯದ ಪದ್ಧತಿ ಇದಕ್ಕಿಂತ ವಾಸಿ: ಮೇಲ್ಮನವಿ ಹಾಕುವವನು ಕೆಳಗಿನ ನ್ಯಾಯಾಲಯದ ತೀರ್ಪಿನ ಪ್ರತಿಯನ್ನು ಅರ್ಜಿಯ ಜೊತೆಗೇ ಲಗತ್ತಿಸಬೇಕು. ಸೋತ ಕಾಗದವನ್ನು ಕೈಯಲ್ಲಿ ಹಿಡಿದೇ ಮೇಲಿನ ಮೆಟ್ಟಿಲು ಹತ್ತಬೇಕು.

ಶ್ರೀಗ್ರಂಥದಲ್ಲಿ ಇಂಥ ಒಂದು ಕಥೆಯಿದೆ. ಸಂಖ್ಯಾಕಾಂಡದ ಇಪ್ಪತ್ತೆರಡರಿಂದ ಇಪ್ಪತ್ತನಾಲ್ಕನೆಯ ಅಧ್ಯಾಯಗಳನ್ನು ಮನೆಯಲ್ಲಿ ಒಮ್ಮೆ ಗಟ್ಟಿಯಾಗಿ ಓದಿ. ಮೋವಾಬಿನ ಅರಸ ಬಾಲಾಕನಿಗೆ ಇಸ್ರಯೇಲರ ಮೇಲೆ ಶಾಪ ಬೇಕಾಗಿತ್ತು. ಬಿಳಾಮನನ್ನು ಕರೆಸಿ ಒಂದು ಗುಡ್ಡದ ಮೇಲೆ ನಿಲ್ಲಿಸಿದ. ಏಳು ಬಲಿಪೀಠ, ಏಳು ಹೋರಿ, ಏಳು ಟಗರು. ಬಂದದ್ದು ಶಾಪವಲ್ಲ, ಆಶೀರ್ವಾದ. ಅರಸ ಸುಮ್ಮನಾದನೇ? ಇನ್ನೊಂದು ಗುಡ್ಡಕ್ಕೆ ಕರೆದೊಯ್ದ. ಅಲ್ಲಿಂದ ಜನರೆಲ್ಲ ಕಾಣುವುದಿಲ್ಲ, ಒಂದು ಅಂಚು ಮಾತ್ರ ಕಾಣುತ್ತದೆ ಎಂಬುದು ಅವನ ಉಪಾಯ. ಕಳಪೆಯನ್ನು ತಳಕ್ಕೆ ಹಾಕಿ ಮೇಲಿನ ಪದರ ತೋರಿಸುವ ಉಪಾಯದ ಅಣ್ಣ ಅದು. ಮತ್ತೆ ಏಳು ಪೀಠ, ಮತ್ತೆ ಆಶೀರ್ವಾದ. ಮೂರನೆಯ ಗುಡ್ಡಕ್ಕೆ ನಡೆದರು. ಅಲ್ಲೂ ಅದೇ. ಇಪ್ಪತ್ತೊಂದು ಹೋರಿ, ಇಪ್ಪತ್ತೊಂದು ಟಗರು ಖರ್ಚಾದವು. ಕೆಳಗಿನ ಬಯಲಿನಲ್ಲಿ ಬಿಡಾರ ಹಾಕಿದ್ದ ಜನಕ್ಕೆ ಇದೊಂದೂ ತಿಳಿಯದು.

ಇದರ ಎದುರಿಗೆ ಇನ್ನೊಬ್ಬ ಅರಸನನ್ನು ನಿಲ್ಲಿಸಿ. ಅರಸುಗಳ ಮೊದಲನೆಯ ಗ್ರಂಥದ ಕೊನೆಯ ಅಧ್ಯಾಯದಲ್ಲಿ ಇಸ್ರಯೇಲಿನ ಅಹಾಬನೂ ಯೂದಾಯದ ಯೆಹೋಷಾಫಾಟನೂ ಯುದ್ಧಕ್ಕೆ ಹೊರಡುವ ಮುನ್ನ ಸುಮಾರು ನಾನ್ನೂರು ಮಂದಿ ಪ್ರವಾದಿಗಳು ಒಂದೇ ಕೊರಳಿನಿಂದ ಜಯವೆಂದು ಹೇಳಿದರು. ಅಂಕ ಹತ್ತಕ್ಕೆ ಹತ್ತು ಬಂದಾಗಿತ್ತು. ಆದರೂ ಯೆಹೋಷಾಫಾಟನು, ಕೇಳುವುದಕ್ಕೆ ಇನ್ನೊಬ್ಬ ಪ್ರವಾದಿ ಇಲ್ಲವೇ ಎಂದ. ಒಬ್ಬನಿದ್ದಾನೆ, ಆದರೆ ಅವನು ನನಗೆ ಎಂದೂ ಒಳ್ಳೆಯದು ನುಡಿಯುವುದಿಲ್ಲ ಎಂದು ಅಹಾಬ ಗೊಣಗಿದ. ಆ ಒಬ್ಬನೇ ಮೀಕಾಯ. ಅವನ ಮಾತೇ ನಿಜವಾಯಿತು. ತನಗೆ ಅನುಕೂಲವಾದ ತೀರ್ಪು ಬಂದ ಮೇಲೂ ಎರಡನೆಯವರನ್ನು ಕೇಳಿದ ಮನುಷ್ಯನನ್ನು ನಾನು ಶ್ರೀಗ್ರಂಥದ ಹೊರಗೆ ಅಪರೂಪಕ್ಕೆ ಕಂಡಿದ್ದೇನೆ. ಹತ್ತು ಬಂದ ಕಾರ್ಡನ್ನು ಒಡೆದು ಯಾರೂ ಮತ್ತೆ ಕಳಿಸುವುದಿಲ್ಲ. ಮಗಳಿಗೆ ನೂರಕ್ಕೆ ನೂರು ಬಂದರೆ, ಹೆಚ್ಚು ಕೊಟ್ಟಿರಬಹುದೆಂದು ಯಾರೂ ಅರ್ಜಿ ಹಾಕುವುದಿಲ್ಲ. ಹಾಕಬೇಕೆಂದು ಹೇಳುತ್ತಿಲ್ಲ. ಆದರೆ ನಮ್ಮ ಸತ್ಯದ ಹಸಿವು ಸೋತಾಗ ಮಾತ್ರ ಏಳುತ್ತದೆಂಬುದನ್ನು ಗಮನಿಸಬೇಕಲ್ಲವೇ?

ಈ ವಿಷಯದಲ್ಲಿ ಧರ್ಮಸಭೆ ತನ್ನ ನ್ಯಾಯಪೀಠಗಳಲ್ಲಿ ಒಂದು ಅಚ್ಚರಿಯ ನಿಯಮವನ್ನು ಇಟ್ಟುಕೊಂಡಿತ್ತು. ಒಂದು ವಿವಾಹ ಮೊದಲಿನಿಂದಲೇ ಅಸಿಂಧುವಾಗಿತ್ತು ಎಂದು ಒಂದು ನ್ಯಾಯಪೀಠ ತೀರ್ಪು ಕೊಟ್ಟರೆ ಸಾಲದು; ಇನ್ನೊಂದು ನ್ಯಾಯಪೀಠವೂ ನೋಡಿ ಅದನ್ನೇ ಹೇಳಬೇಕು. 1741ರಲ್ಲಿ ಜಗದ್ಗುರು ಹದಿನಾಲ್ಕನೆಯ ಬೆನೆಡಿಕ್ಟರು ಇದನ್ನು ಜಾರಿಗೆ ತಂದರು. ಕೇಳಿದವರಿಗೆ ಬೇಕಾದ ಉತ್ತರ ಸಿಕ್ಕಾಗಲೇ ಎರಡನೆಯ ಪರೀಕ್ಷೆ! ವಿವಾಹ ಬಂಧದ ಪರವಾಗಿ ವಾದಿಸಲೆಂದೇ ಒಬ್ಬರನ್ನು ನೇಮಿಸಲಾಗುತ್ತಿತ್ತು, ಈಗಲೂ ನೇಮಿಸಲಾಗುತ್ತದೆ. ಇದರಿಂದ ನೊಂದ ದಂಪತಿಗಳು ವರ್ಷಗಟ್ಟಲೆ ಕಾಯಬೇಕಾಗುತ್ತಿದ್ದುದರಿಂದ ಪೋಪ್ ಫ್ರಾನ್ಸಿಸರು 2015ರಲ್ಲಿ ಎರಡನೆಯ ತೀರ್ಪಿನ ಕಡ್ಡಾಯವನ್ನು ತೆಗೆದರು. ಅದು ಕರುಣೆಯ ಕೆಲಸವೇ. ಆದರೂ ಸುಮಾರು 270 ವರ್ಷ ನಡೆದ ಆ ಹಳೆಯ ನಿಯಮದ ಹಿಂದಿದ್ದ ಬುದ್ಧಿಯನ್ನು ನಮ್ಮ ಸ್ವಂತ ಬಾಳಿಗೆ ಅಷ್ಟಿಷ್ಟು ತಂದುಕೊಂಡರೆ ನಷ್ಟವಿಲ್ಲ.

ಕೊನೆಯದಾಗಿ ಪಾಪನಿವೇದನೆಯ ಮಾತು. ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ನೀತಿಶಾಸ್ತ್ರಿಗಳ ನಡುವೆ ದೊಡ್ಡ ಜಗಳವೊಂದು ನಡೆಯಿತು. ಒಂದು ಕೆಲಸ ಮಾಡಬಹುದೋ ಬಾರದೋ ಎಂದು ಸಂದೇಹವಿದ್ದು, ಮಾಡಬಹುದೆನ್ನುವ ಗಟ್ಟಿಯಾದ ಅಭಿಪ್ರಾಯವೊಂದಿದ್ದರೆ, ಬೇಡವೆನ್ನುವ ಅಭಿಪ್ರಾಯ ಅದಕ್ಕಿಂತ ಗಟ್ಟಿಯಾಗಿದ್ದರೂ ಮೊದಲಿನದನ್ನು ಅನುಸರಿಸಬಹುದು ಎಂದು ಸಲಮಾಂಕದ ದೊಮಿನಿಕನ್ ಗುರು ಮೆದಿನಾ 1577ರಲ್ಲಿ ಬರೆದರು. ಸಂದೇಹದಿಂದ ನರಳುವ ಮನಸ್ಸುಗಳಿಗೆ ಅದು ನೆಮ್ಮದಿ ತಂದಿತು. ಆದರೆ ಬರಬರುತ್ತ, ಯಾವನಾದರೂ ಒಬ್ಬ ಪಂಡಿತ ಸರಿಯೆಂದರೆ ಸಾಕು ಎಂಬಲ್ಲಿಗೆ ಕೆಲವರು ಇಳಿದರು. ಒಬ್ಬ ಪಂಡಿತ ಆಗದೆಂದರೆ ಆಗುವುದೆನ್ನುವ ಇನ್ನೊಬ್ಬನನ್ನು ಹುಡುಕಿದರಾಯಿತು! ಫ್ರಾನ್ಸಿನ ಪಾಸ್ಕಲ್ 1656-57ರಲ್ಲಿ ಬರೆದ ಪತ್ರಗಳಲ್ಲಿ ಇದನ್ನು ಕಟುವಾಗಿ ಗೇಲಿಮಾಡಿದ. 1679ರಲ್ಲಿ ಜಗದ್ಗುರು ಹನ್ನೊಂದನೆಯ ಇನ್ನೊಸೆಂಟರು ಇಂಥ 65 ಸಡಿಲ ಹೇಳಿಕೆಗಳನ್ನು ಖಂಡಿಸಿದರು. ಆಮೇಲೆ ಹದಿನೆಂಟನೆಯ ಶತಮಾನದಲ್ಲಿ ಸಂತ ಆಲ್ಫೋನ್ಸ್ ಲಿಗೋರಿಯವರು ಅತಿ ಬಿಗಿಯೂ ಅಲ್ಲದ ಅತಿ ಸಡಿಲವೂ ಅಲ್ಲದ ನಡುದಾರಿ ಹಿಡಿದರು. 1950ರಲ್ಲಿ ಅವರನ್ನು ಪಾಪನಿವೇದನೆ ಕೇಳುವ ಗುರುಗಳ ಪಾಲಕರೆಂದು ಸಾರಲಾಯಿತು. ನಮಗೆ ಅಂಥವರೇ ಬೇಕಾಗಿತ್ತು.

ನಮ್ಮ ಜನರಿಗೆ ಮೆದಿನಾ ಗೊತ್ತಿಲ್ಲ, ಪಾಸ್ಕಲ್ ಗೊತ್ತಿಲ್ಲ. ಗುರುವನ್ನು ಬದಲಾಯಿಸುವ ವಿದ್ಯೆ ಮಾತ್ರ ಚೆನ್ನಾಗಿ ಗೊತ್ತು. ಅಣ್ಣತಮ್ಮಂದಿರ ಆಸ್ತಿಯ ಜಗಳದಲ್ಲಿ ಕಿತ್ತುಕೊಂಡದ್ದನ್ನು ಹಿಂದಿರುಗಿಸು ಎಂದು ಒಬ್ಬ ಗುರು ಹೇಳಿದರೆ, ಮುಂದಿನ ತಿಂಗಳು ಬೇರೆ ಊರಿನ ಗುರುವಿನ ಮುಂದೆ ಅದೇ ಪಾಪ ಸ್ವಲ್ಪ ಚಿಕ್ಕದಾಗಿ, ಆಸ್ತಿಯ ಮಾತು ಬಿಟ್ಟು, ಬರಿಯ ಕೋಪವಾಗಿ ಬರುತ್ತದೆ. ಯಾವ ಗುರುವಿನ ಬಳಿ ಬೇಕಾದರೂ ಪಾಪನಿವೇದನೆ ಮಾಡುವ ಸ್ವಾತಂತ್ರ್ಯ ನಿಮಗಿದೆ, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಮೊದಲ ಗುರುವಿನ ಮಾತು ವಿಪರೀತವಾಗಿತ್ತೆಂದು ನಿಮಗೆ ಅನ್ನಿಸಿದ್ದರೆ, ಅದು ಇದ್ದರೂ ಇರಬಹುದು, ಗುರುಗಳೂ ಮನುಷ್ಯರೇ. ಆಗ, "ಸ್ವಾಮಿ, ಇದನ್ನು ಇನ್ನೊಬ್ಬರ ಬಳಿ ಹೇಳಿದ್ದೆ, ಗದ್ದೆಯನ್ನು ತಮ್ಮನಿಗೆ ಬಿಟ್ಟುಕೊಡು ಅಂದರು, ನನಗೆ ಒಪ್ಪಲಾಗಲಿಲ್ಲ" ಎಂದು ಆರಂಭಿಸಿ. ಆ ಗುರು ಯಾರು, ಯಾವ ಊರಿನವರು ಎಂದು ನಾವು ಕೇಳುವುದಿಲ್ಲ. ಎರಡನೆಯ ಗುರು ಮೊದಲಿನವರಿಗಿಂತ ಮೃದುವಾಗಿ ಹೇಳಿದರೂ ಹೇಳಬಹುದು, ಗದ್ದೆಯ ಜೊತೆಗೆ ತೋಟವನ್ನೂ ಕೊಡು ಎಂದರೂ ಎನ್ನಬಹುದು. ಎರಡಕ್ಕೂ ಸಿದ್ಧವಾಗಿ ಮಂಡಿಯೂರಿ.

ತಪಸ್ಸು ಕಾಲದಲ್ಲಿ ಅಕ್ಕಪಕ್ಕದ ಧರ್ಮಕೇಂದ್ರಗಳಿಂದ ನಾಲ್ಕಾರು ಗುರುಗಳು ಬಂದು ದೇವಾಲಯದ ಮೂಲೆ ಮೂಲೆಗಳಲ್ಲಿ ಕೂರುತ್ತಾರೆ. ಯಾವ ಸಾಲು ಚಿಕ್ಕದೋ ಅಲ್ಲಿ ನಿಲ್ಲಿ, ತಪ್ಪೇನಿಲ್ಲ. ದನ ಕಟ್ಟಬೇಕು, ಹುಳುವಿಗೆ ಸೊಪ್ಪು ಹಾಕಬೇಕು, ಬೇಗ ಮನೆ ಸೇರಬೇಕು. ಆದರೆ ಪ್ರತಿ ವರ್ಷವೂ ಕಿವಿ ಮಂದವಾಗಿರುವ ಹಿರಿಯ ಗುರುಗಳ ಮುಂದೆಯೇ ಸಾಲು ಬಾಗಿಲಿನವರೆಗೆ ಬೆಳೆದಿರುತ್ತದೆ. ಅದೇಕೆಂದು ಅವರೂ ಒಮ್ಮೆ ನಗುತ್ತ ನನ್ನನ್ನು ಕೇಳಿದ್ದುಂಟು.